ಮುಂದಿನ ಅಚ್ಚಿಗೆ ಬಲ ಬಂದ ಕಥೆ

ಈ ಹೊತ್ತಿನ ಮಾತು ಬಿತ್ತನೆ ಬೀಜದ್ದಲ್ಲ, ಗೊಬ್ಬರದ್ದೂ ಅಲ್ಲ. ಗುಡ್ಡದ ತೋಟದಿಂದ ಅಡಿಕೆ, ಕಾಫಿ, ಬಾಳೆಗೊನೆ ಹೊತ್ತು ತರುವ ಜೀಪಿನ ಹೊಟ್ಟೆಯ ಕೆಳಗೆ ಕೆಸರು ಮೆತ್ತಿಕೊಂಡು, ಯಾರ ಕಣ್ಣಿಗೂ ಬೀಳದೆ ಇರುವ ಮುಂದಿನ ಅಚ್ಚಿನದು. ಮೋಟಾರಿನವರು ಇದಕ್ಕೆ ಫ್ರಂಟ್ ಆಕ್ಸಲ್ ಎನ್ನುತ್ತಾರೆ. ಎತ್ತಿನ ಗಾಡಿಯ ಅಚ್ಚನ್ನು ಕೆಲವು ಸೀಮೆಗಳಲ್ಲಿ ಇರುಸು ಎಂದೂ ಕರೆಯುವುದುಂಟು. ನಾನು ಅಚ್ಚು ಎಂದೇ ಹೇಳುತ್ತೇನೆ.

"ಇದೇನ್ರೀ, ಕೃಷಿ ಇಲಾಖೆಯವರು ಮೆಕ್ಯಾನಿಕ್ ಕೆಲಸಕ್ಕೆ ಇಳಿದುಬಿಟ್ರು!" ಎಂದು ನೀವು ನಗಬಹುದು. ನಗುವ ಮೊದಲು, ನಾನು ಕಣ್ಣಾರೆ ಕಂಡ ಒಂದು ಸಂಗತಿ ಕೇಳಿ.

ಮಲೆನಾಡಿನ ಒಂದು ಹಳ್ಳಿ. ಊರಿನ ಹೆಸರು ಬೇಡ. ಅಲ್ಲಿ ಒಂದು ಅಡಿಕೆ ತೋಟದ ಮನೆ. ತೋಟ ಗುಡ್ಡದ ಆಚೆ. ನಡುವೆ ಒಂದು ಹಳ್ಳ, ಆಮೇಲೆ ಜಾರುವ ಏರು. ಹಳೆಯ ಜೀಪೊಂದೇ ಅವರಿಗೆ ಆಧಾರ. ಒಂದು ಮಳೆಗಾಲದಲ್ಲಿ ಜೀಪಿನ ಮುಂದಿನ ಅಚ್ಚಿನೊಳಗಿನ ಹಲ್ಲುಚಕ್ರ ಮುರಿಯಿತು. ಯಜಮಾನರು ಪೇಟೆಗೆ ಹೋಗಿ ಹಳೆಯ ಸಾಮಾನು ಮಾರುವ ಕಡೆ ಹುಡುಕಿ, ಅದೇ ಉದ್ದದ, ಅದೇ ಆಕಾರದ ಇನ್ನೊಂದು ಅಚ್ಚನ್ನು ತಂದರು. ಕಮಾನು ಪಟ್ಟಿಗೆ ಸರಿಯಾಗಿ ಕೂತಿತು. ಬೋಲ್ಟುಗಳೂ ಹೊಂದಿದವು. ಎಲ್ಲರಿಗೂ ಸಂತೋಷವಾಯಿತು.

ಸಂತೋಷ ಒಂದು ತಿಂಗಳೂ ಉಳಿಯಲಿಲ್ಲ. ನಾಲ್ಕು ಚಕ್ರದ ಗೇರು ಹಾಕಿದರೆ ಜೀಪು ನರಳುವುದು. ಹಾಕಿದ ಗೇರು ತೆಗೆಯಲು ಹೋದರೆ ಕಡ್ಡಿ ಜಗ್ಗದು. ಒಂದು ದಿನ ಏರು ಇಳಿದು ಟಾರು ರಸ್ತೆಗೆ ಬಂದ ಮೇಲೂ ಗೇರು ಹಾಗೇ ಉಳಿಯಿತು. 'ಢಣ್' ಎಂದು ಸದ್ದಾಯಿತು, ಜೀಪು ನಿಂತಿತು. ಹಿಂದಕ್ಕೂ ಮುಂದಕ್ಕೂ ಬಲ ಹಂಚುವ ಪೆಟ್ಟಿಗೆ ಒಡೆದಿತ್ತು. ಒಂದು ಕ್ವಿಂಟಾಲು ಅಡಿಕೆಯ ಹಣ ರಿಪೇರಿಗೆ ಹೋಯಿತು. ಕೊಯ್ಲಿನ ಹೊತ್ತಿನಲ್ಲಿ ಹದಿನೈದು ದಿನ ಗೊನೆಗಳನ್ನು ತಲೆಯ ಮೇಲೆ ಹೊತ್ತು ತಂದರು.

ನಾನು ತೋಟ ನೋಡಲು ಹೋದಾಗ ಎರಡೂ ಅಚ್ಚುಗಳನ್ನು ಬಿಚ್ಚಿ ಇಟ್ಟಿದ್ದರು. ಹಲ್ಲು ಎಣಿಸಿದೆವು. ಹಿಂದಿನದರಲ್ಲಿ ದೊಡ್ಡ ಚಕ್ರಕ್ಕೆ 43 ಹಲ್ಲು, ಮುಂದಿನದರಲ್ಲಿ 39. ಚಿಕ್ಕ ಚಕ್ರಕ್ಕೆ ಎರಡರಲ್ಲೂ 8. ನಾಲ್ಕು ಹಲ್ಲಿನ ಅಂತರ ಅಷ್ಟು ಕೆಲಸ ಮಾಡಿತ್ತು. ಆ ಮನೆಯ ತಾಯಿ ಬಾಗಿಲ ಬಳಿ ನಿಂತು ಕೇಳಿದರು: "ಅಲ್ಲ ಸಾರ್, ಹೊರಗಿಂದ ಎರಡೂ ಒಂದೇ ಥರ ಇದ್ವಲ್ಲ. ಒಳಗಿನ ಹಲ್ಲು ನಮಗೆ ಹೇಗೆ ಗೊತ್ತಾಗಬೇಕು? ಒಂದೇ ಥರ ಕಾಣೋದಕ್ಕೆ ಎರಡು ಲೆಕ್ಕ ಯಾಕೆ ಮಾಡಿದ್ರು?"

"ಅಮ್ಮ, ಒಳ್ಳೇ ಪ್ರಶ್ನೆ ಕೇಳಿದಿರಿ" ಎಂದೆ. ಅಂದು ನಿಂತಲ್ಲೇ ಪೂರಾ ಉತ್ತರ ಹೇಳಲು ಆಗಲಿಲ್ಲ. ಇಂದು ಹೇಳುತ್ತೇನೆ. ಹೇಗೆ ತಿಳಿಯಬೇಕೆಂಬುದನ್ನೂ ಹೇಳುತ್ತೇನೆ, ಯಾಕೆ ಹೀಗಾಯಿತೆಂಬ ಚರಿತ್ರೆಯನ್ನೂ ಹೇಳುತ್ತೇನೆ. ಚರಿತ್ರೆ ತಿಳಿದವರಿಗೆ ಗುರುತು ಹಿಡಿಯುವುದು ಸುಲಭ.

ಮೊದಲು ನಮ್ಮ ಎತ್ತಿನ ಗಾಡಿಯಿಂದಲೇ ಹೊರಡೋಣ. ಗಾಡಿಯ ಅಚ್ಚಿಗೆ ಇರುವುದು ಒಂದೇ ಕೆಲಸ, ಭಾರ ಹೊರುವುದು. ಅಚ್ಚು ತಿರುಗುವುದಿಲ್ಲ, ಅದರ ತುದಿಯಲ್ಲಿ ಗಾಲಿ ತಿರುಗುತ್ತದೆ. ಕಡಾಣಿ ಹಾಕಿ ಕೀಲೆಣ್ಣೆ ಬಿಟ್ಟರೆ ಮುಗಿಯಿತು. ಸಾಮಾನ್ಯ ಲಾರಿಯ ಮುಂದಿನ ಅಚ್ಚಿಗೆ ಎರಡು ಕೆಲಸ. ಭಾರವನ್ನೂ ಹೊರಬೇಕು, ಚಕ್ರ ಎಡಕ್ಕೂ ಬಲಕ್ಕೂ ಹೊರಳುವಂತೆ ಅವಕಾಶವನ್ನೂ ಕೊಡಬೇಕು. ಅಂಥ ಲಾರಿಯನ್ನು ತಳ್ಳುವುದು ಹಿಂದಿನ ಚಕ್ರಗಳು ಮಾತ್ರ. ಮುಂದಿನವು ಸುಮ್ಮನೆ ಉರುಳುತ್ತವೆ. ಹಿಂದಿನ ಚಕ್ರ ಕೆಸರಿನಲ್ಲಿ ಹೂತರೆ ಲಾರಿ ಅಲ್ಲಿಗೆ ನಿಂತಿತು.

ನಾಲ್ಕು ಚಕ್ರಕ್ಕೂ ಬಲ ಬರುವ ಗಾಡಿಯಲ್ಲಿ ಮುಂದಿನ ಅಚ್ಚಿಗೆ ಮೂರು ಕೆಲಸ. ಭಾರ ಹೊರಬೇಕು, ಚಕ್ರವನ್ನು ಹೊರಳಲು ಬಿಡಬೇಕು, ಹೊರಳಿದ ಚಕ್ರವನ್ನೇ ತಿರುಗಿಸಿ ಗಾಡಿಯನ್ನು ಎಳೆಯಲೂ ಬೇಕು. ಈ ಮೂರನೆಯದೇ ಕಷ್ಟದ್ದು. ನೇರವಾದ ಸರಳಿನಿಂದ ಬಲ ಸಾಗಿಸುವುದು ಸುಲಭ. ಚಕ್ರ ಓರೆಯಾದಾಗ ಸರಳೂ ಮೊಣಕೈಯಂತೆ ಬಾಗಬೇಕು, ಬಾಗಿಕೊಂಡೇ ತಿರುಗುತ್ತಿರಬೇಕು. ಈ ಬಾಗುವ ಕೀಲನ್ನು ಗಟ್ಟಿಯಾಗಿ ಮಾಡುವುದಕ್ಕೆ ಯಂತ್ರ ಮಾಡುವವರು ಬಹಳ ವರ್ಷ ಪಾಡುಪಟ್ಟರು. ಮುಂದಿನ ಅಚ್ಚಿನ ಚರಿತ್ರೆಯೆಂದರೆ ಬಹುಮಟ್ಟಿಗೆ ಈ ಕೀಲಿನ ಚರಿತ್ರೆಯೇ.

1903ರಲ್ಲಿ ಹಾಲೆಂಡ್ ದೇಶದ ಸ್ಪೈಕರ್ ಕಂಪನಿಯವರು ನಾಲ್ಕು ಚಕ್ರಕ್ಕೂ ಬಲ ಹೋಗುವ ಒಂದು ಕಾರನ್ನು ಮಾಡಿದ್ದರು. ಆದರೆ ಅದು ಓಟದ ಸ್ಪರ್ಧೆಯ ಕಾರು. ಕೆಸರಿನ ದಾರಿಯಲ್ಲಿ ಭಾರ ಎಳೆಯುವ ಗಾಡಿಯ ಕಥೆ ಅಮೆರಿಕಾ ದೇಶದ ವಿಸ್ಕಾನ್ಸಿನ್ ರಾಜ್ಯದಲ್ಲಿ, ಕ್ಲಿಂಟನ್‌ವಿಲ್ ಎಂಬ ಚಿಕ್ಕ ಊರಿನಲ್ಲಿ ನಡೆಯಿತು. ಅಲ್ಲಿ ಆಟೊ ಝಾಕೌ, ವಿಲಿಯಂ ಬೆಸರ್ಡಿಕ್ ಎಂಬ ಇಬ್ಬರು ನೆಂಟರು ಒಂದು ಯಂತ್ರದ ಕಾರ್ಖಾನೆ ಇಟ್ಟುಕೊಂಡಿದ್ದರು. ನಮ್ಮ ಊರಿನ ಕಮ್ಮಾರಸಾಲೆಗಿಂತ ಸ್ವಲ್ಪ ದೊಡ್ಡದು ಎನ್ನಿ. ಮುಂದಿನ ಚಕ್ರಕ್ಕೂ ಬಲ ಕೊಡುವ ಬಗೆಯೊಂದನ್ನು ಅವರು ಕಂಡುಹಿಡಿದು 1908ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದರು.

ಅವರ ಬುದ್ಧಿವಂತಿಕೆ ಎಲ್ಲಿತ್ತೆಂದರೆ, ಬಾಗುವ ಕೀಲನ್ನು ಒಂದು ಕಬ್ಬಿಣದ ಗುಂಡಿನ ಒಳಗೆ ಅಡಗಿಸಿಟ್ಟರು. ಆ ಗುಂಡು ಒಂದು ಬಟ್ಟಲಿನಂಥ ಮನೆಯಲ್ಲಿ ಕೂತು ಎಡಕ್ಕೂ ಬಲಕ್ಕೂ ಹೊರಳುತ್ತದೆ. ನಮ್ಮ ಭುಜದ ಮೂಳೆ ಗೂಡಿನಲ್ಲಿ ಕೂತು ಹೊರಳುವುದಿಲ್ಲವೆ, ಹಾಗೆ. ಭಾರವನ್ನು ಹೊರಗಿನ ಗುಂಡು ಹೊರುತ್ತದೆ, ಬಲವನ್ನು ಒಳಗಿನ ಕೀಲು ಸಾಗಿಸುತ್ತದೆ. ಇದೇ ತಳಹದಿಯ ಮೇಲೆ ಫೋರ್ ವ್ಹೀಲ್ ಡ್ರೈವ್ ಎಂಬ ಹೆಸರಿನ ಕಂಪನಿ ಹುಟ್ಟಿತು. ಅವರ ಮೂರು ಟನ್ನಿನ ಟ್ರಕ್ಕುಗಳು ಒಂದನೆಯ ಮಹಾಯುದ್ಧದ ಕಾಲದಲ್ಲಿ ಸಾವಿರಾರು ಸಂಖ್ಯೆಯಲ್ಲಿ ತಯಾರಾಗಿ ಫ್ರಾನ್ಸಿನ ಕೆಸರಿನಲ್ಲಿ ಮದ್ದುಗುಂಡು ಸಾಗಿಸಿದವು. ಇಂದಿಗೂ ಹಳೆಯ ಜೀಪಿನ ಮುಂದಿನ ಚಕ್ರದ ಹಿಂದೆ ಬಗ್ಗಿ ನೋಡಿದರೆ ತೆಂಗಿನಕಾಯಿಯಂಥ ಒಂದು ಕಬ್ಬಿಣದ ಗುಂಡು ಕಾಣುತ್ತದೆ. ಅದು ಕ್ಲಿಂಟನ್‌ವಿಲ್ ಊರಿನ ಆ ಗುಂಡಿನ ವಂಶದ್ದು.

ಅದೇ ವಿಸ್ಕಾನ್ಸಿನ್ ರಾಜ್ಯದ ಕೆನೋಷಾ ಊರಿನಲ್ಲಿ ಜೆಫ್ರಿ ಕಂಪನಿಯವರು 1913ರಲ್ಲಿ ಇನ್ನೊಂದು ದಾರಿ ಹಿಡಿದರು. ಅವರ ಟ್ರಕ್ಕಿನ ಹೆಸರು ಕ್ವಾಡ್. ಅದರಲ್ಲಿ ಭಾರ ಹೊರುವ ಅಚ್ಚು ಬೇರೆ, ಬಲ ಸಾಗಿಸುವ ಸರಳು ಬೇರೆ. ಸರಳು ಅಚ್ಚಿನ ಮೇಲ್ಗಡೆ ಹಾದು ಚಕ್ರದ ಹತ್ತಿರ ಬಂದು, ಅಲ್ಲಿ ಹಲ್ಲುಚಕ್ರಗಳ ಮೂಲಕ ಗಾಲಿಯನ್ನು ತಿರುಗಿಸುತ್ತಿತ್ತು. ಸರಳು ಎತ್ತರದಲ್ಲಿ ಇದ್ದುದರಿಂದ ಕಲ್ಲು, ಕೊರಕಲು ತಗಲುತ್ತಿರಲಿಲ್ಲ. ಅಷ್ಟೇ ಅಲ್ಲ, ಹಿಂದಿನ ಚಕ್ರಗಳೂ ಮುಂದಿನವುಗಳಂತೆ ಹೊರಳುತ್ತಿದ್ದುದರಿಂದ ಚಿಕ್ಕ ಜಾಗದಲ್ಲಿ ಗಾಡಿ ತಿರುಗುತ್ತಿತ್ತು. ಕೆಲಸ ಒಂದೇ, ಎರಡು ಊರಿನವರು ಎರಡು ದಾರಿ ಹಿಡಿದರು. ನಾಲ್ಕು ಚಕ್ರದ ಗಾಡಿಯ ಅಚ್ಚುಗಳೆಲ್ಲ ಒಂದೇ ಎಂದು ತಿಳಿಯುವುದು ಆರಂಭದಿಂದಲೇ ತಪ್ಪು.

ಇನ್ನು ಕೀಲಿನ ವಿಷಯ. ಎಲ್ಲ ವರ್ಕ್‌ಷಾಪುಗಳಲ್ಲೂ 'ಕ್ರಾಸ್' ಎಂದು ಕರೆಯುವ ಅಡ್ಡಕಡ್ಡಿಯ ಕೀಲು ನಿಮಗೆ ಗೊತ್ತು. ಎರಡು ಕವೆಗಳು, ನಡುವೆ ಕೂಡಿಸುವ ಗುರುತಿನಂಥ ಒಂದು ಅಡ್ಡಕಡ್ಡಿ. ಗಟ್ಟಿ, ಅಗ್ಗ, ಬದಲಿಸುವುದು ಸುಲಭ. ಆದರೆ ಅದಕ್ಕೊಂದು ಕೊರತೆಯಿದೆ. ಸರಳು ಓರೆಯಾದಾಗ, ಒಂದು ಬದಿಯಲ್ಲಿ ಸಮವೇಗದಿಂದ ತಿರುಗಿಸಿದರೂ ಇನ್ನೊಂದು ಬದಿ ಸಮವೇಗದಿಂದ ತಿರುಗದು. ಒಂದು ಸುತ್ತಿನಲ್ಲಿ ಎರಡು ಸಲ ಬೇಗ ಓಡಿ ಎರಡು ಸಲ ತಡೆಯುತ್ತದೆ. ಓರೆ ಹೆಚ್ಚಿದಷ್ಟೂ ಈ ಜಗ್ಗಾಟ ಹೆಚ್ಚು. ತಿರುವಿನಲ್ಲಿ ಸ್ಟೀರಿಂಗು ಕೈಯಲ್ಲಿ ಹೊಡೆದುಕೊಳ್ಳುತ್ತದೆ, ಟೈರು ಸವೆಯುತ್ತದೆ.

ಈ ಜಗ್ಗಾಟ ತಪ್ಪಿಸಲು 1920ರ ದಶಕದಲ್ಲಿ ಹೊಸ ಕೀಲುಗಳು ಬಂದವು. ಫ್ರಾನ್ಸಿನಲ್ಲಿ 1926ರಲ್ಲಿ ಗ್ರೆಗ್ವಾರ್ ಮತ್ತು ಫೆನಾಯ್ ಎಂಬವರು ಟ್ರಾಕ್ಟಾ ಎಂಬ ಕೀಲನ್ನು ತಂದರು. ಅದರಲ್ಲಿ ಗೋಲಿಗಳಿಲ್ಲ, ಒಂದರ ಗಾಡಿಯಲ್ಲಿ ಇನ್ನೊಂದು ಜಾರುವ ತುಂಡುಗಳು. ಗಾಡಿ ಎಂದರೆ ಇಲ್ಲಿ ಬಡಗಿಗಳು ಮರದಲ್ಲಿ ತೆಗೆಯುವ ಸೀಳು. ಅಮೆರಿಕಾದಲ್ಲಿ ವೈಸ್ ಎಂಬವರ ಕೀಲು ಬೆಂಡಿಕ್ಸ್ ಕಂಪನಿಯ ಮೂಲಕ ಬಂತು. ಅದರಲ್ಲಿ ಬಲ ಸಾಗಿಸಲು ನಾಲ್ಕು ಉಕ್ಕಿನ ಗೋಲಿಗಳು, ನಡುವೆ ಒಂದು. ಫೋರ್ಡ್ ಕಂಪನಿಯಲ್ಲಿ ಇಂಜಿನಿಯರಾಗಿದ್ದ ಆಲ್ಫ್ರೆಡ್ ಝೆಪ್ಪಾ ಎಂಬವರು ಅದೇ ದಶಕದಲ್ಲಿ ಮಾಡಿದ ಕೀಲಿನಲ್ಲಿ ಆರು ಗೋಲಿಗಳು, ಅವನ್ನು ಸ್ಥಾನದಲ್ಲಿ ಹಿಡಿದಿಡಲು ಒಂದು ಪಂಜರ. ಇಂದು ಮುಂದಿನ ಚಕ್ರದಿಂದ ಓಡುವ ಕಾರುಗಳಲ್ಲಿ ಹೆಚ್ಚಾಗಿ ಇರುವುದು ಈ ಆರು ಗೋಲಿಯ ವಂಶದ ಕೀಲೇ.

ಇಷ್ಟೆಲ್ಲ ಸಿದ್ಧವಾಗಿದ್ದ ಹೊತ್ತಿಗೆ ಎರಡನೆಯ ಮಹಾಯುದ್ಧ ಬಂತು. 1940ರ ಜುಲೈನಲ್ಲಿ ಅಮೆರಿಕಾ ಸೇನೆಯವರು 135 ಕಂಪನಿಗಳಿಗೆ ಕಾಗದ ಬರೆದರು. ಕಾಲು ಟನ್ನು ಭಾರ ಹೊರುವ, ನಾಲ್ಕು ಚಕ್ರಕ್ಕೂ ಬಲವಿರುವ ಚಿಕ್ಕ ಗಾಡಿಯ ಮಾದರಿ 49 ದಿನಗಳಲ್ಲಿ ಬೇಕೆಂದರು. ಬ್ಯಾಂಟಮ್ ಎಂಬ ಸಣ್ಣ ಕಂಪನಿ ಒಪ್ಪಿ, 1940ರ ಸೆಪ್ಟೆಂಬರ್ 23ರಂದು ಗಾಡಿಯನ್ನು ಸೇನೆಗೆ ಒಪ್ಪಿಸಿತು. ಅಷ್ಟು ಕಡಿಮೆ ದಿನದಲ್ಲಿ ಹೊಸ ಅಚ್ಚು ಎರಕ ಹೊಯ್ಯುವುದು ಸಾಧ್ಯವೆ? ಸ್ಪೈಸರ್ ಕಂಪನಿಯವರು ಸ್ಟೂಡಿಬೇಕರ್ ಕಾರಿಗೆ ಮಾಡುತ್ತಿದ್ದ ಅಚ್ಚನ್ನೇ ತಿದ್ದಿ ಕೊಟ್ಟರು. ಈ ಗಾಡಿಯೇ ಬೆಳೆದು ಜೀಪು ಆಯಿತು. 1941ರಿಂದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ ಯುದ್ಧ ಮುಗಿಯುವವರೆಗೆ 6 ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಮಾಡಿದವು. ಸೇನೆಯ ಪುಸ್ತಕದಲ್ಲಿ ಜೀಪನ್ನು ಕಾರು ಎಂದು ಬರೆದಿಲ್ಲ, 'ಕಾಲು ಟನ್ನಿನ ಟ್ರಕ್ಕು' ಎಂದೇ ಬರೆದಿದೆ.

ಯುದ್ಧಕಾಲದ ಅವಸರದಲ್ಲಿ ಒಬ್ಬರೇ ಎಲ್ಲ ಕೀಲುಗಳನ್ನೂ ಮಾಡಿ ಪೂರೈಸಲಾಗಲಿಲ್ಲ. ಆದ್ದರಿಂದ ಒಂದೇ ಬಗೆಯ ಯುದ್ಧದ ಜೀಪಿನೊಳಗೆ ನಾಲ್ಕು ಬಗೆಯ ಕೀಲುಗಳು ಹೋದವು: ಬೆಂಡಿಕ್ಸ್, ಝೆಪ್ಪಾ, ಟ್ರಾಕ್ಟಾ, ಮತ್ತೆ ಸ್ಪೈಸರ್ ಕಂಪನಿಯ ಅಡ್ಡಕಡ್ಡಿ. ಹೊರಗಿನ ಗುಂಡು ನೋಡಿದರೆ ಎಲ್ಲ ಒಂದೇ, ಬಿಚ್ಚಿದರೆ ಬೇರೆ ಬೇರೆ. ದೊಡ್ಡ ಟ್ರಕ್ಕುಗಳಲ್ಲೂ ಹೀಗೇ. ಜಿ.ಎಂ.ಸಿ. ಕಂಪನಿಯ ಎರಡೂವರೆ ಟನ್ನಿನ ಸೇನಾ ಟ್ರಕ್ಕು ಹೆಸರಿಗೆ ಒಂದೇ ಆದರೂ ಅಚ್ಚುಗಳು ಎರಡು ಜಾತಿಯವು. ಒಂದು, ಎರಡು ಹೋಳುಗಳನ್ನು ಬೋಲ್ಟಿನಿಂದ ಕೂಡಿಸಿದ ಟಿಮ್ಕೆನ್ ಅಚ್ಚು. ಇನ್ನೊಂದು, ನಡುವೆ ತಂಬೂರಿಯ ಬುರುಡೆಯಂತೆ ಉಬ್ಬಿ, ಮುಚ್ಚಳ ಬಿಚ್ಚುವಂತಿದ್ದ ಬ್ಯಾಂಜೊ ಅಚ್ಚು. ಒಂದರ ಸಾಮಾನು ಇನ್ನೊಂದಕ್ಕೆ ಕೂರದು. ಇಂಥ ಗಾಡಿಗಳು ಯುದ್ಧಕಾಲದಲ್ಲಿ ನಮ್ಮ ದೇಶದ ಅಸ್ಸಾಮಿಗೂ ಬಂದಿದ್ದವು. ಲೇಡೋ ಊರಿನಿಂದ ಬರ್ಮಾ ಮೂಲಕ ಚೀನಾಕ್ಕೆ ಕಡಿದು 1945ರ ಆರಂಭದಲ್ಲಿ ತೆರೆದ ಕೆಸರಿನ ದಾರಿಯಲ್ಲಿ ಸಾಮಾನು ಸಾಗಿಸಿದ್ದು ಇವುಗಳೇ.

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಒಂದೇ ಥರ ಕಾಣುವ ಅಚ್ಚಿಗೆ ಎರಡು ಲೆಕ್ಕ ಯಾಕೆ?

ಉತ್ತರ ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಅದು ಆದದ್ದು ರೈತನಿಗಾಗಿ! ಯುದ್ಧದ ಜೀಪಿನ ಅಚ್ಚಿನಲ್ಲಿ ದೊಡ್ಡ ಹಲ್ಲುಚಕ್ರಕ್ಕೆ 39, ಚಿಕ್ಕದಕ್ಕೆ 8 ಹಲ್ಲು. ಮೆಕ್ಯಾನಿಕ್ಕುಗಳು ದೊಡ್ಡದನ್ನು ಕ್ರೌನ್, ಚಿಕ್ಕದನ್ನು ಪಿನಿಯನ್ ಎನ್ನುತ್ತಾರೆ. 39ನ್ನು 8ರಿಂದ ಭಾಗಿಸಿದರೆ 4.88. ಅಂದರೆ ಇಂಜಿನ್ನಿನ ಕಡೆಯಿಂದ ಬರುವ ಉದ್ದನೆಯ ಶಾಫ್ಟು ಐದಕ್ಕೆ ಸ್ವಲ್ಪ ಕಡಿಮೆ ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗುತ್ತದೆ. ಇದು ಸೈನಿಕರು ರಸ್ತೆಯ ಮೇಲೆ ವೇಗವಾಗಿ ಓಡಲು ಹೊಂದುವ ಲೆಕ್ಕ. ಯುದ್ಧ ಮುಗಿದ 1945ರಲ್ಲಿ ವಿಲ್ಲೀಸ್ ಕಂಪನಿಯವರು ಜೀಪನ್ನು ನಾಗರಿಕರಿಗೆ, ಮುಖ್ಯವಾಗಿ ರೈತರಿಗೆ ಮಾರಲು ಹೊರಟರು. ಉಳುಮೆಗೆ, ಎಳೆಯುವುದಕ್ಕೆ, ಯಂತ್ರ ತಿರುಗಿಸುವುದಕ್ಕೆ ಎಲ್ಲಕ್ಕೂ ಆಗುವ ಗಾಡಿ ಎಂದು ಪ್ರಚಾರ ಮಾಡಿದರು. ಸಿಜೆ-2ಎ ಎಂಬುದು ಅದರ ಹೆಸರು. ನೇಗಿಲು ಎಳೆಯಲು ಓಟ ಬೇಡ, ಎಳೆತ ಬೇಕು. ಆದ್ದರಿಂದ ದೊಡ್ಡ ಚಕ್ರದ ಹಲ್ಲನ್ನು 43ಕ್ಕೆ ಏರಿಸಿದರು. 43ನ್ನು 8ರಿಂದ ಭಾಗಿಸಿದರೆ 5.38. ಹೊರಗಿನ ಕವಚ ಮಾತ್ರ ಹಳೆಯದೇ. ಹೀಗೆ ಸಿಪಾಯಿಯ ಅಚ್ಚು, ರೈತನ ಅಚ್ಚು ಎಂದು ಎರಡಾದವು, ಆದರೆ ಎರಡಕ್ಕೂ ಅಂಗಿ ಒಂದೇ.

ಎರಡೂ ನಮ್ಮ ದೇಶಕ್ಕೆ ಬಂದವು. ಯುದ್ಧ ಮುಗಿದ ಮೇಲೆ ಸೇನೆಗೆ ಬೇಡವಾದ ಗಾಡಿಗಳು ಹರಾಜಾಗಿ ಜನರ ಕೈಗೆ ಬಂದವು. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿಯವರು ಮುಂಬಯಿಯಲ್ಲಿ ಬಿಡಿಭಾಗ ತರಿಸಿ ಜೀಪು ಜೋಡಿಸತೊಡಗಿದರು. ಕ್ರಮೇಣ ಭಾಗಗಳನ್ನು ಇಲ್ಲಿಯೇ ತಯಾರಿಸಿದರು. ಎತ್ತರದ ಮೂತಿಯ ಸಿಜೆ-3ಬಿ ಜೀಪು ಅಮೆರಿಕಾದಲ್ಲಿ 1968ರಲ್ಲಿ ನಿಂತರೂ ಇಲ್ಲಿ ಅನೇಕ ವರ್ಷ ಮುಂದುವರಿಯಿತು. ಅದರದು ರೈತನ ಲೆಕ್ಕ, 5.38. ಮುಂದೆ ಡೀಸೆಲ್ ಇಂಜಿನ್ನಿನ ಜೀಪುಗಳು ಬಂದಾಗ ಬೇರೆ ಬೇರೆ ಲೆಕ್ಕದ ಹಲ್ಲುಗಳು ಬಂದವು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದ ಮೇಲೆ ಬ್ಲಾಕಿನ ಜೀಪು ಎಂದರೆ ಹಳ್ಳಿಗೆ ಸರ್ಕಾರವೇ ಬಂದಂತೆ. ನಮ್ಮ ಇಲಾಖೆಯ ಹಿರಿಯರು ಎಷ್ಟೋ ಮಂದಿ ಆ ಜೀಪಿನಲ್ಲಿಯೇ ಹೊಳೆ ದಾಟಿದವರು. ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಹಳೆಯ ಜೀಪುಗಳು ಇಂದಿಗೂ ದುಡಿಯುತ್ತಿವೆ. ಮಾಂದಲಪಟ್ಟಿಯ ಗುಡ್ಡಕ್ಕೆ ಪ್ರವಾಸಿಗಳನ್ನು ಹತ್ತಿಸುವುದೂ ಜೀಪೇ. ಇಷ್ಟು ಕಾಲದ ಇಷ್ಟು ಬಗೆಯ ಅಚ್ಚುಗಳು ಹಳೆಯ ಸಾಮಾನಿನ ಅಂಗಳದಲ್ಲಿ ಒಂದರ ಮೇಲೊಂದು ಬಿದ್ದಿರುವಾಗ, ಕಣ್ಣಳತೆಯಲ್ಲಿ ಕೊಂಡರೆ ಮೋಸ ಹೋಗುವುದರಲ್ಲಿ ಏನಾಶ್ಚರ್ಯ?

ಲೆಕ್ಕ ತಪ್ಪಿದರೆ ಏನಾಗುತ್ತದೆ ನೋಡಿ. ಹಿಂದೆ 5.38, ಮುಂದೆ 4.88 ಇದೆ ಎನ್ನಿ. ನಾಲ್ಕು ಚಕ್ರದ ಗೇರು ಹಾಕಿದಾಗ ಎರಡೂ ಕಡೆಯ ಶಾಫ್ಟುಗಳು ಒಂದೇ ವೇಗದಲ್ಲಿ ತಿರುಗಲೇಬೇಕು. ಶಾಫ್ಟು 1000 ಸುತ್ತು ತಿರುಗಿದಾಗ ಹಿಂದಿನ ಚಕ್ರ 186 ಸುತ್ತು, ಮುಂದಿನದು 205 ಸುತ್ತು. ಜೀಪಿನ ಟೈರು ಒಂದು ಸುತ್ತಿಗೆ ಸುಮಾರು 2.2 ಮೀಟರು ಹೋಗುತ್ತದೆ. ಹಿಂದಿನ ಚಕ್ರ 410 ಮೀಟರು ಹೋಗೋಣ ಎಂದರೆ ಮುಂದಿನದು 450 ಮೀಟರು ಹೋಗೋಣ ಎನ್ನುತ್ತದೆ. ಗಾಡಿ ಒಂದೇ, ಎರಡೂ ಹೇಗೆ ಆದೀತು? ಕೆಸರಾದರೆ ಟೈರು ಜಾರಿ ಆ 40 ಮೀಟರನ್ನು ಹೇಗೋ ಸರಿದೂಗಿಸುತ್ತದೆ. ಗಟ್ಟಿ ನೆಲದಲ್ಲಿ ಟೈರು ಜಾರದು. ಆಗ ಹಗ್ಗ ಹೊಸೆದಂತೆ ಬಿಗಿತ ಏರುತ್ತ ಹೋಗಿ, ಬಲ ಹಂಚುವ ಪೆಟ್ಟಿಗೆಯೋ ಶಾಫ್ಟೋ ಹಲ್ಲೋ, ಯಾವುದು ಮೆದುವೋ ಅದು ಮುರಿಯುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ನಿಮಗೆ ಗೊತ್ತಲ್ಲ! ಆ ಮನೆಯಲ್ಲಿ ಆದದ್ದು ಅದೇ.

ಹಾಗಾದರೆ ಗುರುತು ಹಿಡಿಯುವುದು ಹೇಗೆ? ಕ್ರಮವಾಗಿ ಹೇಳುತ್ತೇನೆ.

ಮೊದಲನೆಯದು, ಚಕ್ರದ ಹಿಂದೆ ನೋಡಿ. ನುಣುಪಾದ ಮುಚ್ಚಿದ ಗುಂಡು ಕಂಡರೆ ಅದು ಹಳೆಯ ಕಾಲದ ಮುಚ್ಚುಗುಂಡಿನ ಅಚ್ಚು. ಯುದ್ಧದ ಜೀಪು, ಸಿಜೆ-3ಬಿ ಎಲ್ಲ ಈ ಜಾತಿ. ಗುಂಡಿಲ್ಲದೆ ಅಡ್ಡಕಡ್ಡಿ ಬರಿಗಣ್ಣಿಗೆ ಕಂಡರೆ ಅದು ತೆರೆದ ಕೀಲಿನ ಅಚ್ಚು. ಅಮೆರಿಕಾದ ಜೀಪಿಗೆ 1972ರಲ್ಲಿ ಬಂದ 30ನೆಯ ನಂಬರಿನ ಅಚ್ಚು ಇಂಥದು. ಎರಡಕ್ಕೂ ಗುಣದೋಷ ಉಂಟು. ಮುಚ್ಚುಗುಂಡು, ಸೀಲ್ ಚೆನ್ನಾಗಿರುವ ತನಕ ಕೀಲಿಗೆ ಕೆಸರು ತಾಗಲು ಬಿಡದು. ಸೀಲ್ ಹೋದರೆ ಕೆಸರು ಒಳಗೇ ಕೂತು ಅರೆಯುತ್ತದೆ, ಹೊರಗಿನಿಂದ ಕಾಣುವುದೂ ಇಲ್ಲ. ತೆರೆದ ಕೀಲಿಗೆ ಕೆಸರು ಬಡಿಯುತ್ತದೆ, ಆದರೆ ಕೆಟ್ಟದ್ದು ಕಣ್ಣಿಗೆ ಕಾಣುತ್ತದೆ, ಬದಲಿಸುವುದೂ ಸುಲಭ.

ಎರಡನೆಯದು, ಹಲ್ಲುಚಕ್ರ ಇರುವ ಉಬ್ಬು ಯಾವ ಕಡೆ ಇದೆ ನೋಡಿ. ಸೀಟಿನಲ್ಲಿ ಕೂತು ಮುಂದೆ ನೋಡುವವನ ಬಲಗಡೆಗೆ ಯುದ್ಧದ ಜೀಪಿನ ಉಬ್ಬು ಇರುತ್ತದೆ. ಬೇರೆ ಗಾಡಿಗಳಲ್ಲಿ ಎಡಕ್ಕೂ ಇರಬಹುದು. ನಿಮ್ಮ ಗಾಡಿಯ ಶಾಫ್ಟು ಹೊರಡುವ ಕಡೆಗೇ ಉಬ್ಬು ಇಲ್ಲದಿದ್ದರೆ ಆ ಅಚ್ಚು ನಿಮಗೆ ಬೇಡ.

ಮೂರನೆಯದು, ಅಂಕಿ ಹುಡುಕಿ. ಸ್ಪೈಸರ್ ಕಂಪನಿ 1946ರಲ್ಲಿ ಡೇನಾ ಎಂದು ಹೆಸರು ಬದಲಿಸಿಕೊಂಡಿತು. ಅವರ ಅಚ್ಚುಗಳಿಗೆ ನಂಬರಿನದೇ ಹೆಸರು: 25, 27, 30, 44, 60. ಅನೇಕ ಅಚ್ಚುಗಳಲ್ಲಿ ಈ ನಂಬರು ಕವಚದ ಎರಕದಲ್ಲೇ ಉಬ್ಬಿ ನಿಂತಿರುತ್ತದೆ. ತಂತಿ ಬ್ರಷ್ಷಿನಿಂದ ಉಜ್ಜಿದರೆ ಕಾಣುತ್ತದೆ. 30ರ ಕ್ರೌನು ಸುಮಾರು 18 ಸೆಂಟಿಮೀಟರು ಅಗಲ, 44ರದು 21.6, 60ರದು 24.8. ಮುಚ್ಚಳದ ಬೋಲ್ಟು ಎಣಿಸಿ ನಿರ್ಧಾರ ಮಾಡುತ್ತೇನೆ ಎನ್ನಬೇಡಿ. ಈ ಮೂರಕ್ಕೂ ಹತ್ತೇ ಬೋಲ್ಟು. ಮುಚ್ಚಳದ ಒಂದು ಬೋಲ್ಟಿನ ಕೆಳಗೆ ಹಲ್ಲಿನ ಸಂಖ್ಯೆ ಕೊರೆದ ತಗಡಿನ ಚೂರು ಇದ್ದರೂ ಇದ್ದೀತು. ಸಿಕ್ಕರೆ ಒಳ್ಳೆಯದು. ಆದರೆ ಹಳೆಯ ಅಚ್ಚಿನೊಳಗಿನ ಹಲ್ಲನ್ನು ಯಾರೋ ಬದಲಿಸಿ ತಗಡನ್ನು ಹಾಗೇ ಬಿಟ್ಟಿರಬಹುದು. ಆದ್ದರಿಂದ ತಗಡನ್ನು ನಂಬಿ ಹಣ ಎಣಿಸಬೇಡಿ.

ನಾಲ್ಕನೆಯದೇ ಮುಖ್ಯ: ಸುತ್ತು ಎಣಿಸುವುದು. ಇದಕ್ಕೆ ಬಿಚ್ಚಬೇಕಾಗಿಲ್ಲ. ಸಮನೆಲದಲ್ಲಿ ಗಾಡಿ ನಿಲ್ಲಿಸಿ ಉಳಿದ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಗೇರು ನ್ಯೂಟ್ರಲ್ಲಿನಲ್ಲಿ ಇರಲಿ, ನಾಲ್ಕು ಚಕ್ರದ ಗೇರು ತೆಗೆದಿರಲಿ. ಮುಂದಿನ ಚಕ್ರಕ್ಕೆ ಬಲ ಬಿಡಿಸುವ ಹಬ್ ಇದ್ದರೆ ಅದನ್ನು ಕೂಡಿಸಿ. ಒಂದು ಚಕ್ರವನ್ನು ಮಾತ್ರ ಜಾಕಿಯಿಂದ ಎತ್ತಿ, ಅಚ್ಚಿನ ಕೆಳಗೆ ಗಟ್ಟಿ ಮರದ ದಿಮ್ಮಿ ಇಡಿ. ಬರೀ ಜಾಕಿ ನಂಬಿ ಕೆಳಗೆ ತಲೆ ಹಾಕಬೇಡಿ. ಹಳೆಯ ಜೀಪಿನ ಕೈಬ್ರೇಕು ಚಕ್ರಕ್ಕಲ್ಲ, ಹಿಂದಿನ ಶಾಫ್ಟಿಗೆ ಇರುತ್ತದೆ. ಹಿಂದಿನ ಅಚ್ಚು ಪರೀಕ್ಷಿಸುವಾಗ ಅದನ್ನು ಬಿಡಲೇಬೇಕಾಗುವುದರಿಂದ ಕಲ್ಲು ಕೊಡುವುದನ್ನು ಮರೆಯಲೇಬಾರದು. ಟೈರಿಗೂ ಶಾಫ್ಟಿಗೂ ಸುಣ್ಣದಿಂದ ಒಂದೊಂದು ಗುರುತು ಹಾಕಿ. ಎತ್ತಿದ ಚಕ್ರವನ್ನು ಕೈಯಿಂದ 20 ಸುತ್ತು ತಿರುಗಿಸಿ, ಶಾಫ್ಟು ಎಷ್ಟು ಸುತ್ತಿತೆಂದು ಇನ್ನೊಬ್ಬರು ಎಣಿಸಲಿ. ಒಂದು ಚಕ್ರ ನೆಲಕ್ಕೆ ಕಚ್ಚಿರುವುದರಿಂದ ಎತ್ತಿದ ಚಕ್ರದ 20 ಸುತ್ತು ಅಚ್ಚಿಗೆ 10ರ ಲೆಕ್ಕ. ಶಾಫ್ಟು 48 ಮುಕ್ಕಾಲು ಸುತ್ತಿದರೆ 4.88, 53 ಮುಕ್ಕಾಲು ಸುತ್ತಿದರೆ 5.38. ಹಿಂದಿನ ಅಚ್ಚಿಗೂ ಹೀಗೇ ಮಾಡಿ. ಎರಡರ ಲೆಕ್ಕವೂ ಕೂಡಿದರೆ ಮಾತ್ರ ಸಂಬಂಧ ಕೂಡಿತು ಎನ್ನಿ. ಅಂಗಳದಲ್ಲಿ ಬಿದ್ದಿರುವ ಬಿಡಿ ಅಚ್ಚಾದರೆ, ಮುಚ್ಚಳ ಬಿಚ್ಚಿಸಿ ಹಲ್ಲನ್ನೇ ಎಣಿಸಿ. ಮಾರುವವರು ಬೇಸರಪಟ್ಟರೆ ಪಟ್ಟುಕೊಳ್ಳಲಿ. ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡುವವರು ನಾವು. ಅಚ್ಚು ಕೊಳ್ಳುವಾಗ ನಾಚಿಕೆ ಯಾಕೆ?

ಲೆಕ್ಕ ಕೂಡಿದ ಮೇಲೂ ಎರಡು ಮಾತು ನೆನಪಿಡಿ. ಒಂದು, ಇಂಥ ಜೀಪನ್ನು ಒಣ ಟಾರು ರಸ್ತೆಯಲ್ಲಿ ನಾಲ್ಕು ಚಕ್ರದ ಗೇರಿನಲ್ಲಿ ಓಡಿಸಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಹೋಗುತ್ತವೆ, ಅಲ್ಲೂ ಅದೇ ಬಿಗಿತ ಹುಟ್ಟುತ್ತದೆ. ಕೆಸರು ಬಂದಾಗ ಹಾಕಿ, ಗಟ್ಟಿ ನೆಲ ಬಂದಾಗ ತೆಗೆಯಿರಿ. ಎರಡು, ಆಳವಾದ ಹಳ್ಳ ದಾಟಿದ ಮೇಲೆ ಅಚ್ಚಿನ ಎಣ್ಣೆ ನೋಡಿ. ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದರ್ಥ, ಬದಲಿಸಿ. ಗುಂಡಿನ ಮೇಲೆ ಎಣ್ಣೆ ಜಿನುಗಿ ಕೆಸರು ಕಟ್ಟಿದ್ದರೆ ಸೀಲ್ ಹೋಗಿದೆ. ಸೀಲಿನ ಬೆಲೆ ಚಿಕ್ಕದು, ಕೀಲಿನ ಬೆಲೆ ದೊಡ್ಡದು.

ಜೀಪಿಲ್ಲದ ಮನೆಯವರು "ಇದು ನಮಗಲ್ಲ" ಎನ್ನಬಾರದು. ಗದ್ದೆಯ ಕೆಸರು ಉಳುಮೆಗೆ ನಾಲ್ಕು ಚಕ್ರದ ಟ್ರ್ಯಾಕ್ಟರುಗಳು ಈಗ ಊರೂರಿಗೆ ಬರುತ್ತಿವೆ. ಅವುಗಳಲ್ಲಿ ಮುಂದಿನ ಚಕ್ರ ಚಿಕ್ಕದು, ಹಿಂದಿನದು ದೊಡ್ಡದು. ಹಾಗಾಗಿ ಹಲ್ಲಿನ ಲೆಕ್ಕ ಬೇರೆ ಬೇರೆ ಇರಲೇಬೇಕು. ಮುಂದಿನ ಚಕ್ರ ಹಿಂದಿನದಕ್ಕಿಂತ ನೂರಕ್ಕೆ 1ರಿಂದ 5ರಷ್ಟು ಮುಂದೆ ಓಡುವಂತೆ ಟೈರಿನ ಅಳತೆಯನ್ನೂ ಹಲ್ಲನ್ನೂ ಕೂಡಿಸಿ ಕಾರ್ಖಾನೆಯವರು ಲೆಕ್ಕ ಹಾಕಿರುತ್ತಾರೆ. ನೀವು ಅಗ್ಗಕ್ಕೆ ಸಿಕ್ಕಿತೆಂದು ಬೇರೆ ಅಳತೆಯ ಟೈರು ಹಾಕಿದರೆ, ಹಲ್ಲು ಮುಟ್ಟದೆಯೇ ಲೆಕ್ಕ ಕೆಡಿಸಿದಂತೆ. ಟೈರು ಬದಲಿಸುವಾಗ ಟ್ರ್ಯಾಕ್ಟರಿನ ಪುಸ್ತಕದಲ್ಲಿ ಹೇಳಿದ ಜೋಡಿಯನ್ನೇ ಹಾಕಿ.

ಕ್ಲಿಂಟನ್‌ವಿಲ್ ಊರಿನ ಇಬ್ಬರು ನೆಂಟರು ಮುಂದಿನ ಅಚ್ಚಿಗೆ ಬಲ ಕೊಟ್ಟು ನೂರು ವರ್ಷ ದಾಟಿದೆ. ಆ ಬಲ ನಮ್ಮ ಏರುಗಳನ್ನು ಹತ್ತಿಸಿದೆ, ಹೆರಿಗೆಯ ನೋವು ತಿನ್ನುವ ಹೆಣ್ಣುಮಕ್ಕಳನ್ನು ಮಳೆಗಾಲದಲ್ಲಿ ಆಸ್ಪತ್ರೆ ಮುಟ್ಟಿಸಿದೆ. ಆದರೆ ಹಿಂದು ಮುಂದು ಒಂದೇ ಹೆಜ್ಜೆ ಇಟ್ಟರೆ ಮಾತ್ರ ಅದು ಬಲ, ಇಲ್ಲವಾದರೆ ಅದೇ ಗಾಡಿಯನ್ನು ಮುರಿಯುತ್ತದೆ.

ಆ ಮನೆಯವರು ಈಗ ಸರಿಯಾದ ಲೆಕ್ಕದ ಅಚ್ಚು ಹಾಕಿಸಿಕೊಂಡಿದ್ದಾರೆ. ಕಳೆದ ಸಲ ಹೋದಾಗ ಆ ತಾಯಿ ಜೀಪಿನ ಬಳಿ ಕರೆದು ತೋರಿಸಿದರು. ಎರಡೂ ಅಚ್ಚಿನ ಮೇಲೆ ಬಿಳಿ ಬಣ್ಣದಲ್ಲಿ '43-8' ಎಂದು ಮಗನ ಕೈಯಲ್ಲಿ ಬರೆಸಿದ್ದರು. "ಇನ್ನು ಯಾರೇ ರಿಪೇರಿಗೆ ಬಂದ್ರೂ ಮೊದಲು ಇದನ್ನ ಓದಿ ಆಮೇಲೆ ಕೈ ಹಾಕಲಿ, ಸಾರ್" ಎಂದರು. ನನ್ನ ಇಷ್ಟುದ್ದದ ಭಾಷಣಕ್ಕಿಂತ ಆ ಬಿಳಿ ಅಂಕಿಗಳೇ ಹೆಚ್ಚು ಉಪಯೋಗದವು. ನಿಮ್ಮ ಮನೆಯ ಗಾಡಿಗೂ ಇಂದೇ ಎಣಿಸಿ ಬರೆದಿಡಿ.